ಕಿಟಕಿ ತೆಗೆದ ಬಾಣಂತಿ

ಬಾಣಂತಿಯನ್ನು ನೋಡಲು ಯಾರ ಮನೆಗೆ ಹೋದರೂ ನಾನು ಮೊದಲು ಕೋಣೆಯ ಕಿಟಕಿ ತೆಗೆಯುತ್ತೇನೆ. ಚಪ್ಪಲಿ ಬಿಡುವುದು ಆಮೇಲೆ ಎಂದು ನನ್ನ ಓರಗಿತ್ತಿ ಹಂಗಿಸುತ್ತಾಳೆ. ಗಾಳಿ ಸೋಕುತ್ತದೆ, ಶೀತವಾಗುತ್ತದೆ ಎಂದು ಮನೆಯ ಹಿರಿಯರು ಎದ್ದು ಬಂದರೆ, "ಆಗ್ಲಿ ಬಿಡಿ, ಶೀತಕ್ಕೆ ಔಷಧಿ ಇದೆ" ಎನ್ನುತ್ತೇನೆ. ಎಲ್ಲರೂ ಮಗುವನ್ನು ಕೈಯಿಂದ ಕೈಗೆ ದಾಟಿಸಿ ಮೂಗು ಯಾರದು, ಹಣೆ ಯಾರದು ಎಂದು ಹಂಚುತ್ತಿರುವಾಗ ನಾನು ತಾಯಿಯ ಮಂಚದ ತುದಿಯಲ್ಲಿ ಕೂತು, "ನಿಂಗೆ ಹೇಗಿದೆ? ನಿದ್ದೆ ಬರ್ತಿದೆಯಾ?" ಎಂದು ಕೇಳುತ್ತೇನೆ. ಕೆಲವು ಮನೆಗಳಲ್ಲಿ ನನ್ನನ್ನು ಎರಡನೇ ಸಲ ಕರೆಯುವುದಿಲ್ಲ. ಕರೆಯದಿದ್ದರೂ ಹೋಗುತ್ತೇನೆ.

ಈ ಜೋರು ನನಗೆ ಹುಟ್ಟಿನಿಂದ ಬಂದದ್ದಲ್ಲ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ಗುಬ್ಬಿಯ ನಮ್ಮ ಮನೆಯ ಕತ್ತಲೆ ಕೋಣೆಯಲ್ಲಿ ಕಲಿತದ್ದು.

ಆಗ ನನಗೆ ಇಪ್ಪತ್ತಾರು. ಗಂಡನ ಮನೆ ತುಮಕೂರಿನಲ್ಲಿ. ಹೆಬ್ಬೂರಿನ ಶಾಲೆಯಲ್ಲಿ ನಾನು ಟೀಚರು. ಬೆಳಗಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೋಗಿ, ಅರವತ್ತು ಮಕ್ಕಳ ಗಲಾಟೆಯನ್ನು ಒಂದೇ ಕೂಗಿಗೆ ಅಡಗಿಸುವಷ್ಟು ಗಂಟಲು ಇತ್ತು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಏಳನೇ ತಿಂಗಳಿಗೆ ಗುಬ್ಬಿಗೆ ಬಂದೆ. ಅಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಅಮ್ಮ ಒಬ್ಬಳೇ.

ಅಮ್ಮನಿಗೆ ನಾನು ಒಬ್ಬಳೇ ಮಗಳು. ಆದರೆ ನನ್ನ ಮೊದಲ ಹನ್ನೊಂದು ತಿಂಗಳು ಕಳೆದದ್ದು ಕುಣಿಗಲ್ಲಿನಲ್ಲಿ, ಅಮ್ಮನ ಅಕ್ಕನ ಮನೆಯಲ್ಲಿ. ನಾನು ಹುಟ್ಟಿದ ಮೇಲೆ ಅಮ್ಮನಿಗೆ ಟೈಫಾಯ್ಡ್ ಆಗಿತ್ತು, ಅದಕ್ಕೇ ದೊಡ್ಡಮ್ಮ ಸಾಕಿದಳು ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಿದ್ದರು. ಮನೆಗೆ ಹೆಂಚು ಹೊದಿಸಿದ ವರ್ಷವನ್ನು ಹೇಳಿದಷ್ಟೇ ಸಲೀಸಾಗಿ ಹೇಳುತ್ತಿದ್ದರು. ನನಗೆ ಇಬ್ಬರು ಅಮ್ಮಂದಿರು ಎಂದು ನಾನು ಶಾಲೆಯಲ್ಲಿ ಜಂಬ ಕೊಚ್ಚಿಕೊಂಡಿದ್ದೂ ಉಂಟು. ದೊಡ್ಡಮ್ಮ ಕಂಡಾಗಲೆಲ್ಲ ಗಲ್ಲ ಹಿಂಡಿ ಮುದ್ದಿಸುತ್ತಿದ್ದಳು. ಅಮ್ಮ ಹಾಗಲ್ಲ. ತಲೆ ಬಾಚುತ್ತಿದ್ದಳು, ಬುತ್ತಿ ಕಟ್ಟುತ್ತಿದ್ದಳು, ಜ್ವರ ಬಂದರೆ ರಾತ್ರಿಯೆಲ್ಲ ಎದ್ದಿರುತ್ತಿದ್ದಳು. ತಬ್ಬಿಕೊಂಡದ್ದು ನೆನಪಿಲ್ಲ. ಅವಳ ಸ್ವಭಾವವೇ ಹಾಗೆ ಎಂದುಕೊಂಡಿದ್ದೆ.

ಹೆರಿಗೆ ಸಲೀಸಾಗಿಯೇ ಆಯಿತು. ಹೆಣ್ಣು ಮಗು, ತಲೆ ತುಂಬ ಕೂದಲು. ಎಲ್ಲರೂ ನೋಡಿ ಖುಷಿಪಟ್ಟರು. ನಾನೂ ನೋಡಿದೆ. ಏನೂ ಅನ್ನಿಸಲಿಲ್ಲ. ಬಸ್ಸಿನಲ್ಲಿ ಪಕ್ಕದವರು "ಸ್ವಲ್ಪ ಹಿಡ್ಕೊಂಡಿರಮ್ಮ" ಎಂದು ಮಡಿಲಿಗೆ ಕೊಟ್ಟ ಮಗುವಿನಂತಿತ್ತು ಅದು. ಯಾವಾಗ ವಾಪಸ್ಸು ತೆಗೆದುಕೊಳ್ಳುತ್ತಾರೋ ಎಂದು ಕಾಯುತ್ತಿದ್ದೆ.

ಬಾಣಂತಿಯ ಕೋಣೆ ಎಂದರೆ ಹಿತ್ತಲಿಗೆ ಮುಖ ಮಾಡಿದ ಒಂದು ಕಿಟಕಿಯ ಕೋಣೆ. ಆ ಕಿಟಕಿಯನ್ನೂ ಮುಚ್ಚಿ, ಸಂದಿಗಳಿಗೆ ಅಮ್ಮ ಹಳೇ ಸೀರೆಯ ಚೂರು ತುರುಕಿದ್ದಳು. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ನನ್ನ ಎರಡೂ ಕಿವಿಗೆ ಹತ್ತಿ, ಅದರ ಮೇಲೆ ತಲೆಗೆ ಬಿಗಿಯಾಗಿ ಬಟ್ಟೆ. ಕುಡಿಯಲು ನೀರು ಕೇಳಿದರೆ ಕಾಯಿಸಿದ್ದು ಅರ್ಧ ಲೋಟ. ಮೂರು ಹೊತ್ತೂ ಮೆಣಸಿನ ಸಾರು, ಬೆಳ್ಳುಳ್ಳಿ. ಅರವತ್ತು ಮಕ್ಕಳನ್ನು ಗದರುತ್ತಿದ್ದವಳಿಗೆ ಒಂದು ಲೋಟ ತಣ್ಣೀರು ಕೇಳಿ ಪಡೆಯುವ ಅಧಿಕಾರ ಇರಲಿಲ್ಲ. ಮೂರು ತಿಂಗಳು ಹೀಗೇ ಇರಬೇಕಿತ್ತು.

ಎರಡನೇ ವಾರಕ್ಕೆ ಅಳು ಶುರುವಾಯಿತು. ಕಾರಣವಿಲ್ಲ. ಊಟದ ತಟ್ಟೆ ಮುಂದಿಟ್ಟರೆ ಅಳು, ಮಗು ಎದ್ದರೆ ಅಳು, ಮಲಗಿದರೂ ಅಳು. ಮಗು ಮಲಗಿದಾಗಲೂ ನನಗೆ ನಿದ್ದೆ ಬರುತ್ತಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ ಹೇಳುತ್ತಿದ್ದಳು, "ಅಳಬಾರ್ದು ಕಣೇ. ಬಾಣಂತಿ ಅತ್ರೆ ಹಾಲು ಬತ್ತೋಗುತ್ತೆ."

ಮಗು ನೋಡಲು ಬಂದ ಪಕ್ಕದ ಮನೆಯಾಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. "ತಾಯಿ ಕಣ್ಣೀರು ಹಾಲಲ್ಲಿ ಇಳ್ದು ಮಗೂಗೆ ಸೇರುತ್ತಂತೆ. ನಗ್ತಾ ಇರ್ಬೇಕಮ್ಮ, ನಗ್ತಾ ಇರು."

ಅಲ್ಲಿಗೆ ಅಳುವಿನ ಜೊತೆಗೆ ಅಪರಾಧವೂ ಸೇರಿಕೊಂಡಿತು. ಈ ಮಾತನ್ನು ಕಟ್ಟಿದವರು ಯಾರೋ, ಸಿಕ್ಕಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಕಾಯಿಲೆ ಬಿದ್ದವಳಿಗೆ ಬಾಯಿ ಮುಚ್ಚು ಎನ್ನುವುದು, ಅವಳು ಬಾಯಿ ಮುಚ್ಚಿಕೊಂಡರೆ ಎಲ್ಲ ಸರಿಹೋಯಿತು ಎಂದು ಸಮಾಧಾನಪಡುವುದು. ಇದಕ್ಕೆ ನಾವು ಬಾಣಂತನ ಎಂದು ಹೆಸರಿಟ್ಟುಕೊಂಡಿದ್ದೆವು.

ಅಳಲು ನನಗೆ ಸಿಕ್ಕಿದ್ದು ಒಂದೇ ಜಾಗ, ಬಚ್ಚಲು. ಬಾಣಂತಿಗೆ ನೀರು ಹಾಕಲು ಒಬ್ಬಳು ಅಜ್ಜಿ ಬರುತ್ತಿದ್ದಳು. ಸಿ.ಎಸ್. ಪುರದ ಕಡೆಯವಳು, ವಯಸ್ಸಾದ ಮೇಲೆ ಗುಬ್ಬಿಯಲ್ಲಿ ಮಗಳ ಜೊತೆ ಇದ್ದಳು. ಮೈಗೆಲ್ಲ ಎಣ್ಣೆ ತಿಕ್ಕಿ, ಮಣೆಯ ಮೇಲೆ ಕೂರಿಸಿ, ಹಂಡೆಯಿಂದ ಕುದಿ ಕುದಿ ನೀರನ್ನು ಚೊಂಬು ಚೊಂಬಾಗಿ ಬೆನ್ನಿಗೆ ಬೀಸಿ ಹೊಯ್ಯುತ್ತಿದ್ದಳು. ಒಂದು ದಿನ ನೀರು ಬೀಳುತ್ತಿರುವಾಗಲೇ ನನ್ನ ಹೆಗಲು ಅಲುಗುತ್ತಿದ್ದುದನ್ನು ಕಂಡು ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಇನ್ನೊಂದು ಚೊಂಬು ತುಂಬಿದಳು.

"ಅಳು ಬುಡವ್ವ" ಎಂದಳು. "ನೀರ್ನಾಗೆ ಯಾರ್ಗೂ ಗೊತ್ತಾಗಕಿಲ್ಲ. ಎಲ್ರೂ ಇಲ್ಲೇ ಕಣವ್ವ ಅತ್ತಿರಾದು."

"ಎಲ್ರೂನಾ?"

"ನಾನ್ ನೀರ್ ಹಾಕ್ದೋರು ಏಸೋ ಜನ. ಹೇಳ್ಕೊಂಡೋರು ಮಾತ್ರ ಯಾರೂ ಇಲ್ಲ."

ಅಂದಿನಿಂದ ಅಜ್ಜಿ ಒಂದು ಹಂಡೆಯ ಜಾಗದಲ್ಲಿ ಎರಡು ಹಂಡೆ ಕಾಯಿಸತೊಡಗಿದಳು. ಸೌದೆ ಇಷ್ಟೊಂದು ಯಾಕೆ ಸುಡುತ್ತೀಯ ಎಂದು ಅಮ್ಮ ಕೇಳಿದರೆ, "ನಿನ್ ಮಗಳ ಸೊಂಟ ಗಟ್ಟಿ ಆಗ್ಬೇಕಲ್ವಾ" ಎನ್ನುತ್ತಿದ್ದಳು.

ಒಂದು ತಿಂಗಳು ಕಳೆದಿರಬೇಕು. ಬೆಳಿಗ್ಗೆ ನೀರು ಹಾಕಿಸಿಕೊಂಡು ಹಿತ್ತಲಿನಿಂದ ಕೋಣೆಗೆ ಬರುವಾಗ ಬಾವಿಯ ಪಕ್ಕ ಹಾದುಬರಬೇಕಿತ್ತು. ಅಂದು ಆ ಬಾವಿಯನ್ನು ನೋಡಿ ನನಗೆ ಅಲ್ಲಿ ಆರಾಮ ಸಿಗುತ್ತದೆ ಎನ್ನಿಸಿತು. ಅನ್ನಿಸಿದ್ದೇ ಹೆದರಿ ಹಿಂದಕ್ಕೆ ಸರಿದೆ. ಅಜ್ಜಿ ಹಿಂದೆಯೇ ಇದ್ದಳು. ನಾಚಿಕೆ ಬಿಟ್ಟು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

ಅಜ್ಜಿ ಕಿರುಚಲಿಲ್ಲ, ಹಣೆ ಚಚ್ಚಿಕೊಳ್ಳಲಿಲ್ಲ. ಚೊಂಬು ಕೆಳಗಿಟ್ಟು ನನ್ನ ಮಣಿಕಟ್ಟು ಹಿಡಿದುಕೊಂಡಳು. "ಹೇಳ್ದಲ್ಲ, ಒಳ್ಳೇದಾಯ್ತು. ಈಗ್ಲೇ ಡಾಕ್ಟ್ರಮ್ಮನತ್ರ ನಡಿ. ನಾನೂ ಬತ್ತೀನಿ."

ಅಮ್ಮ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದಳು. ನಾನು ತಲೆಯ ಬಟ್ಟೆ ಬಿಚ್ಚಿದೆ. ಕಿವಿಯ ಹತ್ತಿ ಕಿತ್ತು ಹಂಡೆಯ ಒಲೆಗೆ ಎಸೆದೆ. ಅಲ್ಲಿಯವರೆಗೂ ಹತ್ತಿಯೊಳಗಿಂದ ಸೋಸಿ ಬರುತ್ತಿದ್ದ ಊರಿನ ಸದ್ದೆಲ್ಲ ಒಂದೇ ಸಲಕ್ಕೆ ನುಗ್ಗಿತು. ಮಗುವನ್ನು ಸುತ್ತಿ ಎತ್ತಿಕೊಂಡು ಬೀದಿಗಿಳಿದರೆ ನಲ್ಲಿಯ ಹತ್ತಿರ ಪಕ್ಕದ ಮನೆಯಾಕೆ.

"ಅಯ್ಯೋ! ಬಾಣಂತಿ ಎಲ್ಲಿಗಮ್ಮ ಹೊರಟೆ, ಕಿವಿ ಬಿಟ್ಕೊಂಡು?"

"ತುಮಕೂರಿಗೆ, ಡಾಕ್ಟರ ಹತ್ರ."

"ಮಗೂಗೆ ಏನಾಯ್ತು?"

"ಮಗು ಚೆನ್ನಾಗಿದೆ. ನಾನು ಚೆನ್ನಾಗಿಲ್ಲ."

ಆಕೆಯ ಕೊಡ ತುಂಬಿ ಹೊರಗೆ ಹರಿಯುತ್ತಿದ್ದರೂ ಆಕೆಗೆ ಗೊತ್ತಾಗಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಅಜ್ಜಿ ಮಗುವನ್ನು ತನ್ನ ಸೀರೆಯೊಳಗೆ ಸೇರಿಸಿಕೊಂಡು ಕೂತಳು. ಮುಖಕ್ಕೆ ಗಾಳಿ ಹೊಡೆಯಿತು. ತಿಂಗಳಲ್ಲಿ ಮೊದಲ ಸಲ ನನ್ನ ಮೈಗೆ ಏನೋ ಹಿತವೆನ್ನಿಸಿತು. ಯಾವ ಗಾಳಿಯನ್ನು ಕಂಡರೆ ಮನೆಯವರೆಲ್ಲ ಹೆದರುತ್ತಿದ್ದರೋ ಅದೇ ಗಾಳಿ.

ತುಮಕೂರಿನ ಡಾಕ್ಟರಮ್ಮನಿಗೆ ಐವತ್ತರ ಮೇಲಾಗಿತ್ತು. ಅಜ್ಜಿಯನ್ನೂ ಒಳಗೇ ಕೂರಿಸಿಕೊಂಡು ಪೂರ್ತಿ ಕೇಳಿದರು. ಬಾವಿಯ ಮಾತು ಬಂದಾಗಲೂ ಅವರ ಮುಖ ಬದಲಾಗಲಿಲ್ಲ. "ಇದು ಕಾಯಿಲೆ ಕಣಮ್ಮ. ಹೆರಿಗೆ ಆದ್ಮೇಲೆ ಬಹಳ ಜನಕ್ಕೆ ಬರುತ್ತೆ, ವಾಸಿನೂ ಆಗುತ್ತೆ. ನೀನು ಕೆಟ್ಟ ತಾಯಿ ಅಂತ ಇದಕ್ಕೆ ಅರ್ಥ ಅಲ್ಲ" ಎಂದರು. ಒಂದು ತಿಂಗಳಲ್ಲಿ ಯಾರೂ ನನಗೆ ಹೇಳದಿದ್ದ ಮಾತು. ಅಲ್ಲೇ ಅತ್ತುಬಿಟ್ಟೆ. ಅವರು ಅಳಬೇಡ ಎನ್ನಲಿಲ್ಲ, ಮೇಜಿನ ಮೇಲಿದ್ದ ನೀರಿನ ಲೋಟ ಮುಂದೆ ತಳ್ಳಿದರು. ತಣ್ಣಗಿನ ನೀರು, ಪೂರ್ತಿ ಲೋಟ.

ಮಾತ್ರೆ ಬರೆದುಕೊಟ್ಟರು. ಅದಕ್ಕಿಂತ ಹೆಚ್ಚಾಗಿ ಶಾಲೆಯ ಮಗುವಿಗೆ ಹೇಳುವಂತೆ ಹೇಳಿದರು. ಮಗುವನ್ನು ಯಾರಿಗಾದರೂ ಕೊಟ್ಟು ದಿನಕ್ಕೆ ಒಂದು ಸಲವಾದರೂ ನಾಲ್ಕೈದು ಗಂಟೆ ಒಟ್ಟಿಗೆ ಮಲಗಬೇಕು. ಬೆಳಕು ಬೇಕು, ನಡೆದಾಡಬೇಕು. ಬಾವಿಯ ಯೋಚನೆ ಹೋಗುವವರೆಗೂ ಒಬ್ಬಳೇ ಇರಬಾರದು. ದಿನಕ್ಕೆ ಒಬ್ಬರಿಗಾದರೂ ಮನಸ್ಸಿನಲ್ಲಿ ಇರುವುದನ್ನು ಸುಳ್ಳು ಬೆರೆಸದೆ ಹೇಳಬೇಕು. "ಒಂದು ವಾರ ಬಿಟ್ಟು ಬಾ. ಕಮ್ಮಿ ಆಗದಿದ್ರೆ ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಕಾಗದ ಕೊಡ್ತೀನಿ. ಅದ್ರಲ್ಲಿ ನಾಚಿಕೆ ಪಡೋಕೆ ಏನಿದೆ?" ಎಂದರು.

ಮನೆಗೆ ಬಂದರೆ ಅಮ್ಮ ಹೊಸ್ತಿಲಲ್ಲೇ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಬಿಳಿಚಿಕೊಂಡ ಮುಖದಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಯಾರಾದ್ರೂ ನೋಡಿದ್ರಾ?"

ನನಗೆ ನೆತ್ತಿಗೇರಿತು. "ಗುಬ್ಬಿ ಪೂರ್ತಿ ನೋಡಿದೆ" ಎಂದು ಸೀದಾ ಕೋಣೆಗೆ ಹೋಗಿ, ಸಂದಿಯಲ್ಲಿದ್ದ ಸೀರೆ ಚೂರುಗಳನ್ನು ಕಿತ್ತುಹಾಕಿ, ಕಿಟಕಿಯ ಎರಡೂ ರೆಕ್ಕೆ ತೆಗೆದೆ. ನಾನು ಮಲಗಿದಾಗ ಅಮ್ಮ ಮುಚ್ಚಿದಳು. ಎದ್ದು ತೆಗೆದೆ. ಮತ್ತೆ ಮುಚ್ಚಿದಳು. ಮೂರು ದಿನ ನಮ್ಮಿಬ್ಬರ ಮಾತುಕತೆಯೆಲ್ಲ ಕಿಟಕಿಯಲ್ಲೇ ನಡೆಯಿತು. ನಾಲ್ಕನೇ ದಿನ ಅಮ್ಮ ಸೋತಳು, ಕಿಟಕಿಗೆ ತೆಳು ಪಂಚೆಯೊಂದನ್ನು ಪರದೆ ಕಟ್ಟಿ ಸುಮ್ಮನಾದಳು.

ಸಂಜೆಗಳಲ್ಲಿ ಅಜ್ಜಿಯ ಜೊತೆ ಕೆರೆಯ ಕಡೆಗೆ ನಡೆಯುತ್ತಿದ್ದೆ. ಜಗಲಿಗಳ ಮೇಲಿನ ಮಾತು ನಿಲ್ಲುತ್ತಿತ್ತು, ನಾವು ದಾಟಿದ ಮೇಲೆ ಶುರುವಾಗುತ್ತಿತ್ತು. ಡಾಕ್ಟರಮ್ಮ ಹೇಳಿದ ಆ ಒಬ್ಬರು ನನಗೆ ಅಜ್ಜಿಯೇ. "ಇವತ್ತು ಮಗು ಅತ್ತಾಗ ಎಸೆದುಬಿಡೋಣ ಅನ್ನೋಷ್ಟು ಸಿಟ್ಟು ಬಂತು" ಎಂದರೆ, "ಬರ್ಲಿ ಬುಡು, ಎಸೀಲಿಲ್ವಲ್ಲ" ಎನ್ನುತ್ತಿದ್ದಳು. ಮಧ್ಯಾಹ್ನ ನಾನು ಮಲಗುವಾಗ ಮಗು ಅಮ್ಮನ ಹತ್ತಿರ, ಅಜ್ಜಿ ಪಡಸಾಲೆಯಲ್ಲಿ. ಅಳುವ ಮಗುವನ್ನೂ ಅಮ್ಮ ಎತ್ತಿಕೊಳ್ಳದೆ ತೊಟ್ಟಿಲಲ್ಲೇ ತೂಗುತ್ತಿದ್ದುದನ್ನು ನೋಡಿದ್ದೆ. ವಯಸ್ಸು ಎಂದುಕೊಂಡೆ.

ಸುದ್ದಿ ತುಮಕೂರಿಗೆ ಹೋಗಲು ಒಂದು ವಾರವೂ ಬೇಕಾಗಲಿಲ್ಲ. ಭಾನುವಾರ ಅತ್ತೆ ಬಂದರು, ಹಿಂದೆ ನನ್ನ ಗಂಡ. ನನ್ನ ಗಂಡ ಆಗ ಎಲ್ಲದಕ್ಕೂ ಹೂಂ ಎನ್ನುವ ಮನುಷ್ಯ. ನಾನು ಹೇಳಿದರೂ ಹೂಂ, ಅವರಮ್ಮ ಅದಕ್ಕೆ ಉಲ್ಟಾ ಹೇಳಿದರೂ ಹೂಂ.

ಅತ್ತೆ ಕೆಟ್ಟವರಲ್ಲ. ನನಗೆಂದು ಕೊಬ್ಬರಿ ಉಂಡೆ ಕಟ್ಟಿಕೊಂಡು ಬಂದಿದ್ದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಅಮ್ಮನ ಕಡೆ ತಿರುಗಿ ಹೇಳಿದರು, "ನೋಡಿ, ಬಾಣಂತಿ ಸನ್ನಿ ಹಿಡಿದಿರೋ ಹಾಗಿದೆ. ಸನ್ನಿ ಇರೋ ಕಡೆ ಮಗು ಇರಬಾರ್ದು. ನಾವು ಕರ್ಕೊಂಡು ಹೋಗ್ತೀವಿ. ದೊಡ್ಡ ಸೊಸೆ ನೋಡ್ಕೋತಾಳೆ, ಬಾಟ್ಲಿ ಹಾಲು ಕೊಟ್ರಾಯ್ತು. ಇವಳು ಸರಿ ಹೋದ್ಮೇಲೆ ನೋಡೋಣ."

ದೊಡ್ಡ ಸೊಸೆ ಎಂದರೆ ಈಗ ನನ್ನನ್ನು ಹಂಗಿಸುವ ಓರಗಿತ್ತಿಯೇ. ಮದುವೆಯಾಗಿ ಹತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮಗು ಒಂದು ಸಲ ಆ ಮಡಿಲಿಗೆ ಹೋದರೆ ವಾಪಸ್ಸು ಬರುವುದಿಲ್ಲ ಎಂದು ನನಗೆ ಗೊತ್ತಾಯಿತು. ವಿಚಿತ್ರವೆಂದರೆ, ಅಷ್ಟು ದಿನ ಯಾರಾದರೂ ತೆಗೆದುಕೊಂಡು ಹೋಗಲಿ ಎಂದು ಕಾಯುತ್ತಿದ್ದವಳು, ತೆಗೆದುಕೊಂಡು ಹೋಗುವವರು ಎದುರು ಕೂತಾಗ ಮಗುವನ್ನು ಬಾಚಿ ಎತ್ತಿಕೊಂಡುಬಿಟ್ಟೆ. ಅದು ಪ್ರೀತಿಯೋ, ಹಟವೋ, ಇವತ್ತಿಗೂ ಹೇಳಲಾರೆ. ಹಟವಾದರೂ ಸರಿ, ಬಿಡಬಾರದು ಎಂದುಕೊಂಡೆ.

ಅಮ್ಮನ ಕಡೆ ನೋಡಿದೆ. ಅಮ್ಮ ಒಳಗೆ ಹೋಗಿ, ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ಕೊಡಲ್ಲ" ಎಂದೆ. "ಹೌದು ಅತ್ತೆ, ನನಗೆ ಕಾಯಿಲೆ. ಡಾಕ್ಟರೇ ಹೇಳಿದಾರೆ, ಮಾತ್ರೆನೂ ತಗೋತಿದೀನಿ. ಕಾಲು ಮುರ್ಕೊಂಡು ಬಿದ್ದಿದ್ರೆ ಮಗೂನ ಕರ್ಕೊಂಡು ಹೋಗ್ತಿದ್ರಾ?"

"ಕಾಲು ಮುರಿದ್ರೆ ಜನಕ್ಕೆ ಹೇಳ್ಬೋದಮ್ಮ. ಇದನ್ನ ಏನಂತ ಹೇಳೋದು?" ಅತ್ತೆ ಅಮ್ಮನ ಕಡೆ ತಿರುಗಿದರು. "ಟೈಫಾಯ್ಡ್ ಅಂತ ಹೇಳಿದ್ರೆ ಆಯ್ತಪ್ಪ. ಯಾರೂ ಏನೂ ಕೇಳಲ್ಲ."

ಚೀಲ ಹಿಡಿದು ಬರುತ್ತಿದ್ದ ಅಮ್ಮ ನಡುಮನೆಯಲ್ಲಿ ನಿಂತುಬಿಟ್ಟಳು. ಆಮೇಲೆ ಅಲ್ಲೇ ನೆಲಕ್ಕೆ ಕೂತು ಚೀಲದಿಂದ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆದು ಮಡಿಸಿ ಇಡತೊಡಗಿದಳು.

"ನಂಗೂ ಟೈಫಾಯ್ಡ್ ಅಂತಾನೇ ಹೇಳಿದ್ರು" ಎಂದಳು.

ಇನ್ನೊಂದು ಬಟ್ಟೆ ಮಡಿಸಿ ಪಕ್ಕಕ್ಕಿಟ್ಟಳು.

"ಒಂದು ದಿನಾನೂ ಜ್ವರ ಬಂದಿರ್ಲಿಲ್ಲ. ಅಳ್ತಾ ಇದ್ದೆ, ಅಷ್ಟೇ. ಇಪ್ಪತ್ತೆರಡನೇ ದಿನಕ್ಕೆ ಇವಳನ್ನ ಕುಣಿಗಲ್ಲಿಗೆ ಕರ್ಕೊಂಡು ಹೋದ್ರು. ಮಗೂನೇ ಇಲ್ಲ, ಇನ್ನು ಬಾಣಂತನ ಯಾಕೆ ಅಂತ ನೀರು ಹಾಕೋದನ್ನೂ ನಿಲ್ಲಿಸಿದ್ರು. ಹನ್ನೊಂದು ತಿಂಗಳಾದ್ಮೇಲೆ ನಮ್ಮಕ್ಕ ಕರ್ಕೊಂಡ್ಬಂದ್ಳು. ನಾನು ಕೈ ಚಾಚಿದೆ. ಇವಳು ನನ್ನ ಮುಖ ನೋಡಿ ಕಿರುಚ್ಕೊಂಡು ನಮ್ಮಕ್ಕನ ಸೆರಗೊಳಗೆ ಸೇರ್ಕೊಂಡ್ಳು." ಅಮ್ಮ ಮಗುವಿನ ಕುಲಾವಿಯನ್ನು ಬೆರಳಿನಲ್ಲಿ ನೇವರಿಸುತ್ತಿದ್ದಳು. "ಇವತ್ತಿಗೂ ಇವಳನ್ನ ಮುಟ್ಟೋಕೆ ನಂಗೆ ಭಯ. ಎಲ್ಲಿ ಕಿರುಚ್ಕೋತಾಳೋ ಅಂತ."

ಇಪ್ಪತ್ತಾರು ವರ್ಷ ಅವಳ ಸ್ವಭಾವ ಎಂದು ನಾನು ಕರೆದದ್ದು ಇದನ್ನು. ನನಗೆ ಅಮ್ಮನ ಮೇಲೆ ಅಯ್ಯೋ ಎನ್ನಿಸಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅವಳ ಮೇಲಲ್ಲ. ಒಂದು ಸುಳ್ಳು ಜ್ವರದ ಹೆಸರು ಹೇಳಿ ಒಬ್ಬ ಹೆಂಗಸಿನ ಬಾಯಿಯನ್ನು ಇಷ್ಟು ವರ್ಷ ಹೊಲಿದಿಟ್ಟ ಎಲ್ಲರ ಮೇಲೆ.

ಅಮ್ಮ ಖಾಲಿ ಚೀಲವನ್ನು ಕೊಡವಿ ಅತ್ತೆಯ ಕೈಗೆ ಕೊಟ್ಟಳು. "ನನ್ನ ಮಗಳಿಗೆ ಹುಷಾರಿಲ್ಲ. ಯಾರಾದ್ರೂ ಕೇಳಿದ್ರೆ ಹಾಗೇ ಹೇಳಿ. ಮಗು ಇಲ್ಲೇ ಇರುತ್ತೆ. ಬೇಕಾದ್ರೆ ನೀವೂ ಇಲ್ಲೇ ಇರಿ, ಅಡಿಗೆಗೆ ಒಂದು ಕೈ ಆಗುತ್ತೆ."

ಅತ್ತೆ ಎದ್ದರು. ಮಗನ ಕಡೆ ನೋಡಿದರು. ನನ್ನ ಗಂಡ ಹೂಂ ಎನ್ನುವ ಬದಲು ಗಂಟಲು ಸರಿಮಾಡಿಕೊಂಡು, "ಅಮ್ಮ, ನೀನು ಈ ಬಸ್ಸಿಗೆ ಹೋಗಿರು. ನಾನು ನಾಳೆ ಬರ್ತೀನಿ" ಎಂದರು. ನಮ್ಮ ಸಂಸಾರದಲ್ಲಿ ಅವರು ತಮ್ಮ ಅಮ್ಮನಿಗೆ ಎದುರು ನಿಂತದ್ದು ಆ ಒಂದು ಬಸ್ಸಿನಷ್ಟೇ. ಅಷ್ಟೇ ಸಾಕಾಯಿತು.

ಮಾರನೇ ದಿನದಿಂದ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾತ್ರೆ ನಾಲ್ಕು ತಿಂಗಳು ನಡೆಯಿತು. ಒಳ್ಳೆಯ ದಿನಗಳ ಮಧ್ಯೆ ಹಾಳು ದಿನಗಳು ನುಗ್ಗುತ್ತಿದ್ದವು. ಬೆಂಗಳೂರಿನ ಕಾಗದ ಬೇಕಾಗಲಿಲ್ಲ. ಬೇಕಾಗಿದ್ದರೆ ಹೋಗುತ್ತಿದ್ದೆ, ಹೋಗುವಾಗ ನಲ್ಲಿಯ ಹತ್ತಿರ ನಿಂತು ಹೇಳಿಯೇ ಹೋಗುತ್ತಿದ್ದೆ. ಮಗಳ ಮೇಲೆ ಪ್ರೀತಿ ಬಂದದ್ದೂ ದೊಡ್ಡ ಗಳಿಗೆಯಲ್ಲಲ್ಲ. ಒಂದು ಮಧ್ಯಾಹ್ನ ಅವಳು ಸೀನಿ, ತನ್ನ ಸೀನಿಗೆ ತಾನೇ ಬೆಚ್ಚಿ ನನ್ನ ಕಡೆ ನೋಡಿದಳು. ನನಗೆ ನಗು ಬಂತು. ಅಲ್ಲಿಂದ ಶುರುವಾಯಿತು.

ಐದನೇ ತಿಂಗಳಲ್ಲಿ ತುಮಕೂರಿಗೆ ಹೊರಡುವ ಹಿಂದಿನ ದಿನ ನಾನೇ ಹಂಡೆಗೆ ನೀರು ತುಂಬಿದೆ. ಅಜ್ಜಿ ಒಲೆ ಹೊತ್ತಿಸಿದಳು. ಅಮ್ಮನ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಿ ಮಣೆಯ ಮೇಲೆ ಕೂರಿಸಿದೆ. "ಏನೇ ಇದು ಹುಚ್ಚಾಟ, ಈ ವಯಸ್ಸಲ್ಲಿ" ಎಂದಳು, ಆದರೆ ಏಳಲಿಲ್ಲ. ಬೆನ್ನಿಗೆ ಎಣ್ಣೆ ತಿಕ್ಕಿದೆ. ಅಷ್ಟು ಹೊತ್ತು ಅಮ್ಮನ ಮೈ ಮುಟ್ಟಿದ್ದು ಅದೇ ಮೊದಲು. ಮೊದಲ ಚೊಂಬು ಹೊಯ್ದೆ. ಎರಡನೆಯದು, ಮೂರನೆಯದು. ಹತ್ತನೆಯದೋ ಹನ್ನೆರಡನೆಯದೋ ಆಗುವಾಗ ಅವಳ ಹೆಗಲು ಅಲುಗಲು ಶುರುವಾಯಿತು. ನಾನು ನಿಲ್ಲಿಸಲಿಲ್ಲ. ಅಜ್ಜಿ ಹೊರಗೆ ಎರಡನೇ ಹಂಡೆಗೆ ಸೌದೆ ಒಟ್ಟಿದಳು.

ಆ ಹೊತ್ತಲ್ಲದ ಹೊತ್ತಿನಲ್ಲಿ ಹೊಗೆ ಏಳುವುದನ್ನು ಕಂಡು ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಕತ್ತು ಹಾಕಿದಳು. "ಇದೇನು, ಮಗಳ ಬಾಣಂತನ ಮುಗೀತಲ್ಲ? ಇವತ್ತು ಯಾರಿಗೆ ನೀರು?"

ನಾನು ಬಾಯಿ ತೆರೆಯುವ ಮೊದಲೇ ಬಚ್ಚಲೊಳಗಿಂದ ಅಮ್ಮ ಬೀದಿಯ ಕೊನೆಗೆ ಕೇಳುವಂತೆ ಕೂಗಿದಳು.

"ನಂಗೇ ಕಣೇ! ನನ್ನ ಬಾಣಂತನ ಬಾಕಿ ಇತ್ತು!"